ಕ್ರಾಸಿನಲ್ಲಿ ಮನೆ ಕೇಳಿದ ಕಂಡಕ್ಟರ್

ಇದನ್ನು ಬರೆಯುವುದನ್ನು ಬಹಳ ದಿನ ಮುಂದೂಡಿದೆ. ದ್ರಾಕ್ಷಿ ಕಟಾವು ಮುಗಿಯಲಿ ಎಂದೆ. ಮಳೆ ನಿಲ್ಲಲಿ ಎಂದೆ. ಕಣ್ಣಿನ ಆಪರೇಶನ್ ಆದರೆ ಅಕ್ಷರ ನೆಟ್ಟಗೆ ಕಾಣುತ್ತವೆ, ಆಗ ಬರೆದರಾಯಿತು ಎಂದೆ. ಆಪರೇಶನ್ ಆಗಿ ಎರಡು ವರ್ಷವಾಯಿತು. ಅಕ್ಷರ ನೆಟ್ಟಗೇ ಕಾಣುತ್ತಿವೆ. ಇನ್ನು ನೆಪ ಉಳಿದಿಲ್ಲ.

ನಾನು ಹೇಳಬೇಕಾದದ್ದು ನಮ್ಮೂರಿನ ಒಬ್ಬ ಬಸ್ ಕಂಡಕ್ಟರರ ಬಗ್ಗೆ. ಹೆಸರು ಹಾಕುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಎಲ್ಲರೂ 'ಕಂಡಕ್ಟರ' ಎನ್ನುತ್ತಿದ್ದರು. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಬದುಕಿದ್ದಾಗ 'ನೀನು' ಎಂದೇ ಮಾತನಾಡಿಸಿದೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಆದರೆ ಅವರು ಹೊಳೆದಂಡೆ ಓಣಿಯವರು, ಅಂಬೇಡ್ಕರರ ದಾರಿ ಹಿಡಿದು ಬೌದ್ಧರಾದ ದಲಿತರ ಮನೆಯವರು, ಅವರ ಅಪ್ಪ ನಮ್ಮ ಹೊಲದಲ್ಲಿ ಕಬ್ಬು ಕಡಿದವರು. ನಾವು ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆತನ. ಅವರು ನನಗೆ 'ಸಾವಕಾರ್ರ' ಎನ್ನುವುದು, ನಾನು ಅವರಿಗೆ 'ನೀನು' ಎನ್ನುವುದು ಇಬ್ಬರಿಗೂ ಸಹಜವಾಗಿತ್ತು. ಅಥವಾ ನನಗಷ್ಟೇ ಸಹಜವಾಗಿತ್ತು.

ನಮ್ಮೂರು ಕೃಷ್ಣೆಯ ದಂಡೆಯಲ್ಲಿದೆ. ಬಸ್ಸು ಊರೊಳಗೆ ಬರುವುದಿಲ್ಲ. ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರಿನ ದಾರಿ ಕವಲೊಡೆಯುವ ಕಡೆ ನಿಲ್ಲುತ್ತದೆ. ಆ ಜಾಗಕ್ಕೆ ಕ್ರಾಸ್ ಎನ್ನುತ್ತೇವೆ. ಒಂದು ಬೇವಿನ ಮರ, ಒಂದು ಚಹಾದಂಗಡಿ, ಸುತ್ತ ಸರಕಾರದ ಖಾಲಿ ಜಾಗ, ಅದಕ್ಕೆ ಹೊಂದಿ ನಮ್ಮ ಒಂದು ಹೊಲ.

ಕಂಡಕ್ಟರ್ ಮೊದಲು ಸತ್ತಿ ಎಂಬ ಊರಿನ ಗಾಡಿಯಲ್ಲಿ, ಆಮೇಲೆ ಅನಂತಪುರ ಗಾಡಿಯಲ್ಲಿ, ಕೊನೆಯ ವರ್ಷಗಳಲ್ಲಿ ನಮ್ಮ ರಸ್ತೆಯ ಗಾಡಿಯಲ್ಲಿ ಕೆಲಸ ಮಾಡಿದರು. ಹೊರಡುವ ಮೊದಲು ಬಾಗಿಲಿನಿಂದ ಅರ್ಧ ದೇಹ ಹೊರಗೆ ಹಾಕಿ ಊರಿನ ದಾರಿಯನ್ನು ಒಮ್ಮೆ ನೋಡುತ್ತಿದ್ದರು. ದೂರದಲ್ಲಿ ಯಾರಾದರೂ ಕೋಲೂರಿಕೊಂಡು ಬರುವುದು ಕಂಡರೆ ಬೆಲ್ಲಿನ ಹಗ್ಗ ಬಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದರು.

"ಹೊಡಿಯೋ ಮಾರಾಯಾ ಡಬಲ್ ಬೆಲ್" ಎಂದು ಡ್ರೈವರ್ ಕೂಗುತ್ತಿದ್ದ. "ನಿನ್ನ ಮುದುಕರ ಸಲುವಾಗಿ ಡೀಪೋದಾಗ ನನಗ ಮೆಮೋ ಕೊಡ್ತಾರ."

"ಮೆಮೋ ನನಗ ಕೊಡಂತ ಹೇಳು. ನನಗ ಓದಾಕರೆ ಬರ್ತೈತಿ."

ಬಸ್ಸಿನಲ್ಲಿ ಕೂತವರ ಕಾಲು ನೋಡುವುದು ಅವರ ಚಟ. ಒಮ್ಮೆ ನನಗೆ ಹೇಳಿದರು: "ಚಪ್ಪಲ್ ನೋಡಿದ್ರ ಮನಿ ರೋಡಿನಿಂದ ಎಷ್ಟ ದೂರ ಐತಿ ಅಂತ ಹೇಳ್ತೀನ್ರಿ ಸಾವಕಾರ್ರ. ಬಾಜೂಕ ಇದ್ದವರದು ಒಣಾ ಒಣಾ. ದೂರ ಇದ್ದವರದು ಕೆಸರು. ಇನ್ನೂ ದೂರ ಇದ್ದವರು ಚಪ್ಪಲ್ ಕೈಯಾಗ ಹಿಡಕೊಂಡ ಬರ್ತಾರ." ಮುದುಕರು ಬಸ್ಸಿಗೆ ಒಂದು ತಾಸು ಮೊದಲೇ ಬಂದು ಕೂರುವುದನ್ನು ಕಂಡು ನಾವು ನಗುತ್ತಿದ್ದೆವು. ಕಂಡಕ್ಟರ್ ನಗುತ್ತಿರಲಿಲ್ಲ. "ಅವರ ಕಡೆ ಟೈಮ್ ಭಾಳ ಐತಿ, ದಮ್ಮ ಇಲ್ಲ. ದಮ್ಮ ಇಲ್ಲದ್ದಕ್ಕ ಟೈಮ್ ಖರ್ಚ ಮಾಡ್ತಾರ" ಎನ್ನುತ್ತಿದ್ದರು.

ಇನ್ನೊಂದು ರೂಢಿಯೆಂದರೆ, ಟಿಕೇಟು ಕೈಗೆ ಕೊಟ್ಟು, "ಊರ ನೋಡ್ಕೋರಿ, ಆಮ್ಯಾಲ ಕಿಸೇದಾಗ ಇಟ್ಕೋರಿ" ಎಂದು ಪ್ರತಿಯೊಬ್ಬರಿಗೂ ಹೇಳುವುದು. ಓದಲು ಬಾರದವರಿಗೆ ತಾವೇ ಓದಿ ತೋರಿಸುತ್ತಿದ್ದರು. ಕಾಗದವನ್ನು ನೋಡದೆ ಇಟ್ಟುಕೊಳ್ಳಬಾರದು ಎಂಬುದು ಅವರಿಂದ ಇಡೀ ಊರು ಕಲಿತ ಪಾಠ.

ನನ್ನ ತಾಯಿ ಒಮ್ಮೆ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕಂಡಕ್ಟರ್ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿಗೆ ಕೂರಿಸಿದರು, ಅಥಣಿಯಲ್ಲಿ ಇಳಿಸಿ ದವಾಖಾನೆಯವರೆಗೆ ನಡೆಸಿಕೊಂಡು ಹೋದರು. ಅವಳು ಮನೆಗೆ ಬಂದವಳೇ ನೀರು ಕಾಯಿಸಲು ಹೇಳಿ ತಲೆಯ ಮೇಲಿಂದ ಸ್ನಾನ ಮಾಡಿದಳು. ಊರು ಸಣ್ಣದು, ಅವರಿಗೂ ಗೊತ್ತಾಯಿತು. ಮುಂದಿನ ವಾರ ಅವಳು ಮತ್ತೆ ಕ್ರಾಸಿನಲ್ಲಿ ಕೂತು, ಬಂದ ಬೇರೆ ಗಾಡಿ ಬಿಟ್ಟು, ಅವರ ಗಾಡಿಗೇ ಕಾದಳು. ಬೇರೆ ಕಂಡಕ್ಟರುಗಳು ಮುದುಕರು ಹತ್ತುವವರೆಗೆ ಕಾಯುತ್ತಿರಲಿಲ್ಲ. "ಬರ್ರಿ ಆಯಿ, ಹಿಡೀರಿ ಕೈ" ಎಂದರಂತೆ ಇವರು. "ಮನ್ಯಾಗ ನೀರ ಕಾಸಾಕ ಹೇಳಿ ಬಂದೀರಿಲ್ಲೋ?" ಇದನ್ನು ತಾಯಿಯೇ ಮನೆಯಲ್ಲಿ ಹೇಳಿದಳು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಅವರು ನಿವೃತ್ತರಾದ ಕೆಲವು ವರ್ಷಕ್ಕೆ ಹೊಳೆಗೆ ದೊಡ್ಡ ಪೂರ ಬಂತು. ಹೊಳೆದಂಡೆಯ ಓಣಿ ಪೂರ್ತಿ ನೀರಲ್ಲಿ ನಿಂತು ಗೋಡೆಗಳು ಕೂತುಬಿಟ್ಟವು. ಓಣಿಯನ್ನೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಬೇಕೆಂದು ಮೇಲಿನಿಂದ ಆದೇಶವಾಯಿತು. ಸರಕಾರದ ಜಾಗ ಎರಡು ಕಡೆ ಇತ್ತು. ಒಂದು ಕ್ರಾಸಿನಲ್ಲಿ. ಇನ್ನೊಂದು ಊರಿನ ಆಚೆ ಬದಿಯ ಮರಡಿಯಲ್ಲಿ. ಮರಡಿ ಎಂದರೆ ಕಲ್ಲಿನ ದಿಬ್ಬ. ಅಲ್ಲಿಂದ ಕ್ರಾಸಿಗೆ ಮೂರು ಕಿಲೋಮೀಟರು, ನಮ್ಮ ದ್ರಾಕ್ಷಿ ತೋಟದ ಬದಿಯಿಂದ ಹಾಯ್ದು ಬರುವ ಕಚ್ಚಾ ದಾರಿ. ಕಬ್ಬಿನ ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಆ ದಾರಿಯನ್ನು ಉತ್ತುಹಾಕುತ್ತವೆ.

ತಾಲೂಕಿನಿಂದ ಬಂದ ಅಧಿಕಾರಿ, "ಓಣಿಯಲ್ಲಿ ವಯಸ್ಸಾದವರೇ ಹೆಚ್ಚು. ಎಲ್ಲಿ ಬೇಕೆಂದು ಅವರನ್ನೇ ಕೇಳಿ ಠರಾವು ಮಾಡಿ ಕಳಿಸಿ" ಎಂದು ಹೇಳಿ ಹೋದರು. ನಾನಾಗ ಪಂಚಾಯತಿ ಮೆಂಬರ್. ಕಾರ್ಯದರ್ಶಿಗೆ ಮೂರು ಊರಿನ ಚಾರ್ಜು ಇದ್ದುದರಿಂದ ಠರಾವು ಬರೆಯುವ ಕೆಲಸ ನನ್ನದಾಗಿತ್ತು. ನಾನು ಹೈಸ್ಕೂಲು ಮುಗಿಸಿದವನು, ಅಕ್ಷರ ಚಂದ.

ಸಭೆಗೆ ಮೊದಲು ಕಂಡಕ್ಟರ್ ನಾಲ್ಕು ದಿನ ಓಣಿಯ ಪ್ರತಿ ಮನೆಗೂ ಹೋಗಿ ಮುದುಕ ಮುದುಕಿಯರನ್ನೆಲ್ಲ ಕೇಳಿದ್ದರು. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಹಳೇ ನೋಟಬುಕ್ಕು. ಸಭೆ ನಡೆದದ್ದು ಕನ್ನಡ ಶಾಲೆಯ ಪಡಸಾಲೆಯಲ್ಲಿ. ಎಲ್ಲರೂ ಕ್ರಾಸ್ ಬೇಕು ಎಂದೇ ಬಂದವರಲ್ಲ.

"ರೋಡಿನ ಬಾಜೂಕ ನನ್ನ ಎಮ್ಮಿ ಎಲ್ಲಿ ಕಟ್ಲಿ?" ಎಂದ ಒಬ್ಬ ಮುದುಕ. "ಬಸ್ಸಿನ ಗಾಲಿಗೇನ?"

"ಮುತ್ಯಾ, ಎಮ್ಮಿ ಮಾರಿ ಮೂರ ವರ್ಷ ಆತು. ಹಗ್ಗ ಹಿಡಕೊಂಡ ಕುಂತೀಯಲ್ಲ" ಎಂದರು ಕಂಡಕ್ಟರ್. ಮುದುಕನೂ ನಕ್ಕ.

"ಲಾರಿ ಹಾರ್ನಿಗೆ ನಿದ್ದಿ ಬರಂಗಿಲ್ಲ ಅಂತಾರಪಾ" ಎಂದು ಇನ್ನೊಬ್ಬರು ಅಂದಾಗ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಬಾಯಿ ಹಾಕಿದಳು: "ಈಗರೆ ನಿದ್ದಿ ಎಲ್ಲಿ ಬರ್ತೈತಿ? ಹೆಂಗೂ ಎಚ್ಚರ ಇರ್ತೀವಿ. ನಾಕ ಮಂದಿ ಹೋಗೂದು ಬರೂದು ನೋಡ್ಕೊಂತ ಎಚ್ಚರ ಇರೂಣು."

ಧೂಳು, ಹೊಗೆ, ರಸ್ತೆ ದಾಟುವ ಭಯ ಎಲ್ಲ ಮಾತಾಯಿತು. ಕಂಡಕ್ಟರ್ ಯಾವುದನ್ನೂ ಸುಳ್ಳು ಎನ್ನಲಿಲ್ಲ. ಕೊನೆಗೆ ಎದ್ದು ನಿಂತು ಇಷ್ಟೇ ಹೇಳಿದರು: "ಧೂಳ ಆದ್ರ ಝಾಡಿಸಬಹುದು, ದೂರ ಝಾಡಿಸಾಕ ಬರಂಗಿಲ್ಲ. ದವಾಖಾನಿ, ಪಿಂಚಣಿ ಬ್ಯಾಂಕ್, ಮಗಳ ಮನಿ, ಎಲ್ಲಾ ಬಸ್ಸಿನ ಆ ತುದಿಗ ಅದಾವು. ಈ ತುದಿಗ ನಾವ ಇರಬೇಕು. ವಯಸ್ಸಾದವರಿಗೆ ಮನಿ ದೊಡ್ಡದ ಬ್ಯಾಡ್ರಿ. ಹೊಸ್ತಲದಾಗ ನಿಂತರ ಬಸ್ ಕಾಣಬೇಕು." ಕ್ರಾಸ್ ಬೇಕೆನ್ನುವವರು ಕೈ ಎತ್ತಿ ಎಂದಾಗ ಎಮ್ಮೆಯ ಮುದುಕನೂ ಕೈ ಎತ್ತಿದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಭೆಯ ವಹಿಯಲ್ಲಿ ಸಹಿ ಮೊದಲು, ಠರಾವು ಆಮೇಲೆ. ಮಾತು ಮುಗಿದ ಮೇಲೆ ಯಾರೂ ಕಾಯುವುದಿಲ್ಲ. ಆದ್ದರಿಂದ ಮೇಲೆ ಒಂದೂವರೆ ಪುಟ ಖಾಲಿ ಬಿಟ್ಟು, ಕೆಳಗೆ ಮೆಂಬರರ ಸಹಿ, ಬಂದ ಜನರ ಪರವಾಗಿ ಒಬ್ಬ ಹಿರಿಯರ ಸಹಿ ತೆಗೆದುಕೊಳ್ಳುತ್ತೇವೆ. ಬರೆಯುವವನು ಮರುದಿನ ಬರೆದು ತುಂಬಿಸುತ್ತಾನೆ. ಮೆಂಬರರಲ್ಲಿ ಯಾರೂ ಅದನ್ನು ತಪ್ಪೆಂದು ತಿಳಿದವರಲ್ಲ. ಅವತ್ತು ಓಣಿಯವರೆಲ್ಲ ಎದ್ದು ಹೋದ ಮೇಲೆ, ಅವರ ಪರವಾಗಿ ಕಂಡಕ್ಟರ್ ಖಾಲಿ ಹಾಳೆಯ ಕೆಳಗೆ ಸಹಿ ಮಾಡಿದರು. ಪೆನ್ನು ಕೊಡುತ್ತ, "ಚಂದಂಗ ಬರೀರಿ ಸಾವಕಾರ್ರ" ಎಂದರು.

ಮರುದಿನ ತೋಟದ ಮನೆಯಲ್ಲಿ ಕೂತು ಬರೆದೆ. 'ಸಭೆಯಲ್ಲಿ ಹಾಜರಿದ್ದ ಹಿರಿಯರೆಲ್ಲರೂ ರಸ್ತೆಯ ಗದ್ದಲ, ಧೂಳು ಹಾಗೂ ಅಪಘಾತದ ಭಯದಿಂದ ಕ್ರಾಸಿನ ಜಾಗ ಬೇಡವೆಂದೂ, ಶಾಂತವಾದ ಮರಡಿಯ ಜಾಗವೇ ತಮಗೆ ಅನುಕೂಲವೆಂದೂ ಒಮ್ಮತದಿಂದ ತಿಳಿಸಿದ್ದರಿಂದ ಹಾಗೆಯೇ ಠರಾವಿಸಲಾಯಿತು.' ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದೆ. ಅವರು ಆಡಿದ ಮಾತುಗಳನ್ನೇ ಬಳಸಿದೆ. ಗದ್ದಲ, ಧೂಳು, ಭಯ ಎಲ್ಲವೂ ಸಭೆಯಲ್ಲಿ ಬಂದ ಶಬ್ದಗಳೇ.

ಏಕೆ ಬರೆದೆ? ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಕ್ರಾಸಿನ ನಮ್ಮ ಹೊಲದಲ್ಲಿ ಒಣದ್ರಾಕ್ಷಿಯ ಶೆಡ್ಡು ಹಾಕುವ ಯೋಚನೆ ಇತ್ತು. ಪಕ್ಕದಲ್ಲಿ ಆ ಓಣಿ ಬಂದರೆ ಹೇಗೆ ಎನ್ನಿಸಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಬಸ್ಸಿಳಿದ ಬೀಗರು ನೆಂಟರು ನಮ್ಮೂರು ಎಂದು ಮೊದಲು ನೋಡುವುದು ಅವರ ಮನೆಗಳನ್ನೇ, ಅದು ನನಗೆ ಬೇಡವಾಗಿತ್ತು. ನನ್ನ ಓರಗೆಯ ನಾಲ್ಕು ಜನ ಕಟ್ಟೆಯ ಮೇಲೆ ಇದೇ ಮಾತಾಡಿದ್ದರು. ಆದರೆ ಅವರ ಕೈಯಲ್ಲಿ ಪೆನ್ನಿರಲಿಲ್ಲ, ನನ್ನ ಕೈಯಲ್ಲಿತ್ತು.

ಮರಡಿಯಲ್ಲಿ ಕಲ್ಲು ಹೂಳಿ ಪ್ಲಾಟು ಗುರುತು ಮಾಡಿದಾಗ ಓಣಿಯವರು ದಂಗಾದರು. ಕಂಡಕ್ಟರ್ ಹೆಂಡತಿಯನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋದರು. ಅಲ್ಲಿಯ ಗುಮಾಸ್ತ ಠರಾವನ್ನು ಓದಿ, "ಇಲ್ಲೇ ಐತಲ್ರಿ ನಿಮ್ಮ ಸಹಿ" ಎಂದು ತೋರಿಸಿದ. ಆ ಹೆಂಗಸಿಗೆ ಓದಲು ಬರುವುದಿಲ್ಲ, ಆದರೆ ಗಂಡನ ಸಹಿ ಗುರುತು ಹತ್ತುತ್ತದೆ.

"ನಾ ಹೇಳಿದ್ದು ಬ್ಯಾರೆ, ಬರದದ್ದು ಬ್ಯಾರೆ" ಎಂದು ಅವರು ಮನೆಯಲ್ಲಿ, ಓಣಿಯಲ್ಲಿ ಹೇಳಿದರು. ಯಾರೂ ನಂಬಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೇನೋ. ಇಡೀ ಊರಿಗೆ ಟಿಕೇಟು ಓದಿ ಇಟ್ಟುಕೊಳ್ಳಿ ಎಂದು ಕಲಿಸಿದ ಮನುಷ್ಯ ತಾನು ಖಾಲಿ ಹಾಳೆಗೆ ಸಹಿ ಮಾಡಿದೆ ಎಂದರೆ ಯಾರು ಒಪ್ಪುತ್ತಾರೆ? "ಬರೇ ಹಾಳಿಮ್ಯಾಲ ಸಹಿ ಮಾಡಾಕ ನೀವೇನ ಸಣ್ಣ ಕೂಸ?" ಎಂದು ಹೆಂಡತಿ ನಾಲ್ಕು ಜನರ ಎದುರು ಕೇಳಿದಳಂತೆ. ಕೈ ಎತ್ತಿದ್ದನ್ನು ಎಲ್ಲರೂ ಕಂಡಿದ್ದರು. ಆದರೆ ಆಮೇಲೆ ಒಳಗಿಂದೊಳಗೆ ಕಂಡಕ್ಟರ ತಿರುಗಿಬಿದ್ದ, ಸಾವಕಾರನ ಕೂಡ ಒಳಸಂಧಾನ ಮಾಡಿಕೊಂಡ ಎಂಬ ಮಾತು ಹುಟ್ಟಿತು. ಆ ಮಾತು ನನ್ನ ಕಿವಿಗೂ ಬಂತು. ಒಂದು ವಾಕ್ಯದಲ್ಲಿ ಅದನ್ನು ಸುಳ್ಳು ಮಾಡಬಹುದಿತ್ತು. ನಾನು ಕಬ್ಬಿನ ದರದ ಮಾತು ತೆಗೆದೆ.

ಅವರು ಮರಡಿಗೆ ಹೋದರು. ಎರಡು ಕೋಣೆಯ ಮನೆ, ತಗಡಿನ ಮೇಲ್ಛಾವಣಿ. ಒಂದೆರಡು ವರ್ಷಕ್ಕೆ ಅವರ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಅಥಣಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಅಲ್ಲಿ ಮಷೀನಿಗೆ ಪಾಳಿ ಇರುತ್ತದೆ. ಬೆಳಗಿನ ಗಾಡಿ ತಪ್ಪಿದರೆ ಪಾಳಿಯೂ ತಪ್ಪುತ್ತದೆ. ರಿಕ್ಷಾದವರು ಆ ದಾರಿಗೆ ಬರುತ್ತಿರಲಿಲ್ಲ. ಬೈಕಿನ ಹಿಂದೆ ಕೂತರೆ ಅವರಿಗೆ ತಲೆ ತಿರುಗುತ್ತಿತ್ತು, ಒಮ್ಮೆ ಬಿದ್ದರು ಕೂಡ.

ಹೀಗಾಗಿ ನಡೆಯುತ್ತಿದ್ದರು. ಅವರು ಮುಂದೆ, ಹೆಂಡತಿ ಹಿಂದೆ. ಆಕೆಯ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ನೂರು ಹೆಜ್ಜೆಗೋ ನೂರೈವತ್ತಕ್ಕೋ ಅವರು ನಿಲ್ಲುತ್ತಿದ್ದರು, ಆಕೆ ಸ್ಟೂಲು ಇಡುತ್ತಿದ್ದಳು, ಅವರು ಕೂರುತ್ತಿದ್ದರು. ಉಸಿರು ಕೂಡಿದ ಮೇಲೆ ಏಳುತ್ತಿದ್ದರು, ಆಕೆ ಸ್ಟೂಲು ಎತ್ತಿಕೊಳ್ಳುತ್ತಿದ್ದಳು. ಆ ದಾರಿಯನ್ನು ಅವರು ಬಸ್ಸಿನ ಸ್ಟೇಜುಗಳಂತೆ ಭಾಗ ಮಾಡಿದ್ದರು. ಮೊದಲ ಸ್ಟೇಜು ಬೋರವೆಲ್ಲು, ಎರಡನೆಯದು ಸಿಡಿ ಎನ್ನುವ ಮುರಿದ ಕಿರುಸೇತುವೆ, ಮೂರನೆಯದು ನಮ್ಮ ದ್ರಾಕ್ಷಿ ತೋಟದ ಮೂಲೆ. "ಸಾವಕಾರ್ರ ತ್ವಾಟ ಯಾರ ಇಳೀತೀರಿ?" ಎಂದು ಅವರು ಕೂಗುವುದು ಬಳ್ಳಿಗಳ ಸಾಲಿನಲ್ಲಿ ನಿಂತ ನನಗೆ ಕೇಳುತ್ತಿತ್ತು. ಇಬ್ಬರೇ ಇದ್ದ ದಾರಿಯಲ್ಲಿ ಹೆಂಡತಿಯನ್ನು ನಗಿಸಲು ಹಾಗೆ ಕೂಗುತ್ತಿದ್ದರು. ಆಕೆ ನಗುತ್ತಿರಲಿಲ್ಲ.

"ನನಗ ಪಾಸ್ ಐತಿ, ನಿನಗ ಪುಕಟ್ ಐತಿ" ಎನ್ನುವುದೂ ಕೇಳಿದ್ದೇನೆ. "ಬಸ್ ತನಕ ಹೋಗೂದಷ್ಟ ತುಟ್ಟಿ ಆತು ನೋಡ."

"ಸಹಿ ಮಾಡೂಮುಂದ ಗೊತ್ತಿರ್ಲಿಲ್ಲೇನ?" ಎಂದಳು ಆಕೆ. ಅವರು ಸ್ಟೂಲಿನಿಂದ ಎದ್ದರು.

ನಮ್ಮ ಮನೆಯಲ್ಲಿ ಜೀಪಿತ್ತು. ತೋಟದಲ್ಲೇ ನಿಂತಿರುತ್ತಿತ್ತು. ವಾರಕ್ಕೆ ಎರಡು ದಿನ, ಆ ಹೊತ್ತಿಗೆ, ನಾನು ಬಳ್ಳಿಯ ಕೆಳಗೆ ಬಗ್ಗಿ ಹನಿ ನೀರಾವರಿಯ ಪೈಪು ನೋಡುವವನಂತೆ ಕೂತುಬಿಡುತ್ತಿದ್ದೆ. ಸ್ಟೂಲು ಎತ್ತುವ ಸದ್ದು ಕೇಳಿದ ಮೇಲೆ ಏಳುತ್ತಿದ್ದೆ. ಜೀಪು ತೆಗೆದರೆ ಅವರನ್ನು ಎದುರು ನೋಡಬೇಕಾಗುತ್ತಿತ್ತು. ಮುಖ ನೋಡಿದರೆ ಹೇಳಬೇಕಾಗುತ್ತಿತ್ತು.

ಮಳೆಗಾಲದಲ್ಲಿ ದಾರಿ ಕೆಸರಾಯಿತು. ವಾರಕ್ಕೆರಡು ಇದ್ದದ್ದು ಒಂದಾಯಿತು. ಆಮೇಲೆ ಆಕೆಯ ಮೊಣಕಾಲು ಹಿಡಿದುಕೊಂಡಿತು ಎಂದು ಕೇಳಿದೆ. ಆಮೇಲೆ ನಮ್ಮ ತೋಟದ ಮೂಲೆಯಲ್ಲಿ ಯಾರೂ ಕೂಗಲಿಲ್ಲ. ಅವರಾಗಿಯೇ ಸಾಕು ಎಂದರಂತೆ. ಔಷಧ ಬಿಟ್ಟರು ಎಂದು ಊರು ಹೇಳಿತು. ಅವರು ಬಿಟ್ಟದ್ದು ಆ ದಾರಿಯನ್ನು.

ಎರಡು ವಾರ ತಡೆದು ಒಂದು ಮಧ್ಯಾಹ್ನ ನಾನು ಮರಡಿಗೆ ಹೋದೆ. ಮೊದಲ ಸಲ ಅವರ ಮನೆಯ ಹೊಸ್ತಿಲು ದಾಟಿದೆ. ಮಂಚದ ಮೇಲೆ ಮಲಗಿದ್ದರು, ಮುಖ ಕಾಲು ಬಾತಿದ್ದವು. ಹೆಂಡತಿ ಹೊರಗೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

"ಕಂಡಕ್ಟರ, ಆ ಠರಾವು..." ಎಂದೆ.

"ಗೊತ್ತೈತ್ರಿ" ಎಂದರು. "ಅಕ್ಷರ ಯಾರದಂತ ಗುರುತ ಹತ್ತಂಗಿಲ್ಲೇನ ನನಗ?"

"ತಪ್ಪಾತು. ನಂದ ತಪ್ಪಾತು."

ಅವರು ಮೇಲಿನ ತಗಡು ನೋಡಿದರು. ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ನನಗ ಹೇಳಿ ಏನ್ ಉಪಯೋಗ್ರಿ? ನನಗ ಗೊತ್ತಿದ್ದದ್ದ ಐತಿ. ಹೊರಗ ಕುಂತಾಳಲ್ಲ, ಆಕಿಗೆ ಹೇಳ್ರಿ. ಆರ ವರ್ಷ ಆತು, ನಾನ ಸಹಿ ಮಾಡಿ ಇಲ್ಲಿ ತಂದ ಹಾಕೀನಿ ಅಂತ ತಿಳದಾಳ." ಉಸಿರು ತೆಗೆದುಕೊಂಡು ಮತ್ತೆ ಅಂದರು, "ಈಗ ಹೇಳ್ರಿ. ಬಾಗಲಾ ತಗದ ಇರ್ಲಿ. ನಾ ಕೇಳಬೇಕು."

ಆಯಿತು ಎಂದೆ. ಎದ್ದು ಹೊರಗೆ ಬಂದೆ.

ಆಕೆ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಕುಂದರ್ರಿ ಸಾವಕಾರ್ರ, ಚಹಾ ಮಾಡೀನಿ" ಎಂದಳು. ತಟ್ಟೆಯಲ್ಲಿ ಲೋಟ ಇಟ್ಟು ತಂದಳು. ಕೊಡುವಾಗ ಒಂದು ಗಳಿಗೆ ಅನುಮಾನಿಸಿದಳು, ನಾನು ಕುಡಿಯುತ್ತೇನೋ ಇಲ್ಲವೋ ಎಂದು. ನಾನು ಕುಡಿದೆ.

"ನೀವ ಬಂದ್ರಲ್ಲ, ಭಾಳ ಆತು" ಎಂದಳು. "ಇಲ್ಲಿ ತನಕ ಯಾರ ಬರ್ತಾರ್ರಿ? ಇವರ ಸಹಿ ಮಾಡಿ ಎಲ್ಲಾರನ್ನೂ ಈ ಕಲ್ಲಾಗ ತಂದ ಒಗದ್ರು. ಈಗ ಮಕ್ಕೊಂಡ ತಗಡ ನೋಡ್ತಾರ. ನಿಮಗೇನ ಅನ್ನೂದು, ನಮ್ಮವರ ನೆಟ್ಟಗಿಲ್ಲಂದ ಮ್ಯಾಲ."

ಒಳಗೆ ಮಂಚ ಕಿರುಗುಟ್ಟಿತು. ಅವರು ಬಾಗಿಲ ಕಡೆಗೆ ಹೊರಳಿದ್ದು ನನಗೆ ತಿಳಿಯಿತು. ಆಕೆಯ ಮುಖ ನನ್ನ ಎದುರಿಗಿತ್ತು. ನಾಲ್ಕು ಶಬ್ದ ಸಾಕಿತ್ತು.

"ಜ್ವಾಕಿ ಮಾಡ ಬಾಯಿ. ಏನರೆ ಬೇಕಾದ್ರ ಹೇಳಿ ಕಳಿಸು" ಎಂದೆ. ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದೆ. ಅಂಗಳ ದಾಟುವವರೆಗೂ ಒಳಗಿನಿಂದ ಒಂದು ದನಿ ಬರುತ್ತದೆ ಎಂದು ಬೆನ್ನು ಕಾಯುತ್ತಿತ್ತು. ಅವರು ಕರೆಯಲಿಲ್ಲ.

ಒಂಬತ್ತನೆಯ ದಿನ ಹೋದರು. ಬಿಳಿ ಬಟ್ಟೆ ಉಟ್ಟ ಅವರ ಜನ ಮೇಣಬತ್ತಿ ಹಚ್ಚಿ ಬುದ್ಧವಂದನೆ ಹೇಳುವಾಗ ನಾನು ದೂರದಲ್ಲಿ ನಿಂತಿದ್ದೆ. ಮಣ್ಣಿಗೆ ಬಂದವರಲ್ಲಿ ಎಮ್ಮೆಯ ಮುದುಕನಿದ್ದ. "ಬಸ್ಸಿನಾಗ ಇದ್ದಾಗ ಚಲೋ ಮನಶಾ ಇದ್ದ. ಕಡೀಕ ಯಾಕ ಹಂಗ ಮಾಡಿದನೋ" ಎಂದ. ಆಗಲೂ ನಾನು ಸುಮ್ಮನಿದ್ದೆ.

ಒಣದ್ರಾಕ್ಷಿಯ ಶೆಡ್ಡನ್ನು ನಾನು ಕಟ್ಟಲೇ ಇಲ್ಲ. ಕ್ರಾಸಿನ ಸರಕಾರಿ ಜಾಗದಲ್ಲಿ ಜಾಲಿ ಬೆಳೆದಿದೆ. ನನಗೆ ಶಿಕ್ಷೆಯಾಯಿತು ಎಂದು ಓದುವವರು ಸಮಾಧಾನ ಮಾಡಿಕೊಳ್ಳಬಾರದು, ಆಗಿಲ್ಲ. ನಮ್ಮ ಮನೆಯಲ್ಲಿ ಈಗ ಕಾರಿದೆ, ಕಣ್ಣಿನ ಆಪರೇಶನ್ನಿಗೆ ಮಗ ಬಾಗಿಲಿನಿಂದ ಬಾಗಿಲಿಗೆ ಕರೆದೊಯ್ದ. ನನ್ನ ಚಪ್ಪಲಿ ಒಣಗಿಯೇ ಇವೆ.

ಆಕೆ ಮರಡಿಯಲ್ಲೇ ಇದ್ದಾಳೆ. ನಿಪ್ಪಾಣಿಯ ಮಗಳು ಕರೆದರೂ ಹೋಗಿಲ್ಲ. ಪಿಂಚಣಿಗಾಗಿ ತಿಂಗಳಿಗೊಮ್ಮೆ ಆ ದಾರಿಯಲ್ಲಿ ಒಬ್ಬಳೇ ಬರುತ್ತಾಳೆ. ನನ್ನನ್ನು ಕಂಡರೆ "ಆರಾಮ ಅದೀರಿ?" ಎನ್ನುತ್ತಾಳೆ. ಗಂಡನ ಮೇಲಿನ ಸಿಟ್ಟು ಇಳಿದಿಲ್ಲ ಎಂದು ಓಣಿಯವರು ಹೇಳುತ್ತಾರೆ. ಫೋಟೋಕ್ಕೆ ಹೂ ಹಾಕುವಾಗಲೂ ಬೈಯುತ್ತಾಳಂತೆ. ಇದನ್ನು ಆಕೆ ಓದಲಾರಳು. ಓದಬಲ್ಲವರು ಯಾರಾದರೂ ಓದಿ ಹೇಳಿ. ನನ್ನ ಬಾಯಿಂದ ಬರಲಿಲ್ಲ.

ಶೇವಂತಾಬಾಯಿ, ನಿಮ್ಮ ಯಜಮಾನರು ಕ್ರಾಸಿನಲ್ಲೇ ಮನೆ ಕೇಳಿದರು. ಅವರು ಸಹಿ ಮಾಡಿದಾಗ ಹಾಳೆ ಖಾಲಿ ಇತ್ತು. ಮರಡಿ ಎಂದು ಬರೆದವನು ನಾನು.